ಬಲೆಯ ಹೊರಗೆ ಕಳೆದ ನಾಲ್ಕು ದಿನ

ಮಾರ್ಚ್ ಎರಡನೇ ವಾರ, ಬೆಳಿಗ್ಗೆ ಆರೂಕಾಲು. ಕೋಲಾರದ ಕಡೆಯ ನಮ್ಮ ನರ್ಸರಿಯ ಹಾರ್ಡನಿಂಗ್ ಯಾರ್ಡಿನಲ್ಲಿ, ಅಂದರೆ ನಾಟಿಗೆ ಮುಂಚೆ ಸಸಿ ಗಟ್ಟಿಯಾಗಲು ಇಡುವ ಅಂಗಳದಲ್ಲಿ, 150 ಟ್ರೇ ಟೊಮೆಟೊ ನಾರು (ನಾಟಿಯ ಸಸಿ) ಲೋಡಿಂಗಿಗೆ ಸಿದ್ಧವಾಗಿತ್ತು. ಸಾಲು ನಾಲ್ಕಡಿ, ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ ಲೆಕ್ಕ ಹಿಡಿದರೆ ಎಕರೆಗೆ 7,260 ಗಿಡ. 98 ಗುಳಿಯ ಟ್ರೇ 75 ಕೊಟ್ಟರೆ ಒಂದು ಎಕರೆ ಮುಗಿಯುತ್ತದೆ. ಇದು ಎರಡು ಎಕರೆಯ ಇಂಡೆಂಟ್ (ಬೇಡಿಕೆ ಚೀಟಿ). ಗಾಡಿ ಗೇಟಿನ ಒಳಗೆ ಬಂದಾಗಿತ್ತು. ಮೊದಲ ಸಾಲಿನ ಟ್ರೇ ಎತ್ತಿದ ಹೆಂಗಸು ಅಲ್ಲೇ ನಿಂತು ಕರೆದರು: "ಸಾರ್, ಇಲ್ಲಿ ನೋಡಿ, ಬೂದಿ ಎದ್ದಂಗೆ ಏಳ್ತಾವೆ."

ಬಿಳಿ ನೊಣ. ಬೆಳಗಿನ ತಂಪಿಗೆ ಅವು ಜಡವಾಗಿರುತ್ತವೆ, ಎಲೆಯನ್ನು ಮೆಲ್ಲಗೆ ಮಗುಚಿದರೆ ಕೂತಲ್ಲೇ ಸಿಗುತ್ತವೆ. ಹತ್ತು ಟ್ರೇ ಆರಿಸಿ, ಒಂದೊಂದರಲ್ಲೂ ಐದೈದು ಸಸಿಯ ಎಲೆ ಮಗುಚಿದೆ. ಯಾವ ಟ್ರೇಯೂ ಖಾಲಿ ಇರಲಿಲ್ಲ. ಆ ಕಡೆ ರೈತರು ಮಲ್ಚಿಂಗ್ ಶೀಟಿಗೆ ತೂತು ಹೊಡೆಸಿ, ಡ್ರಿಪ್ ಬಿಟ್ಟು ಬೆಡ್ ನೆನೆಸಿದ್ದರು. ನಾಟಿಯ ಆಳುಗಳು ಬಂದು ಕೂತಿದ್ದರು. ಮ್ಯಾನೇಜರ್ ಫೋನಿನಲ್ಲಿ ಹೇಳಿದ್ದು ಇಷ್ಟೇ: "ಒಂದು ರೌಂಡ್ ಔಷಧಿ ಹೊಡೆದು ಕಳ್ಸಪ್ಪ, ಗಾಡಿ ನಿಲ್ಲಿಸಬೇಡ." ಹೊಡೆಸಿದೆ. ಕಾಲು ಗಂಟೆ ಬಿಟ್ಟು ಟ್ರೇ ತಟ್ಟಿ ನೋಡಿದೆ, ಒಂದೂ ಏಳಲಿಲ್ಲ. ಸಮಾಧಾನವಾಯಿತು, ಲೋಡ್ ಮಾಡಿಸಿದೆ.

ಆ ಸಮಾಧಾನವೇ ತಪ್ಪು. ನೊಣ ಸತ್ತರೆ ಸಸಿ ಉಳಿಯಿತು ಅನ್ನುವ ಲೆಕ್ಕ ಎಲೆ ತಿನ್ನುವ ಹುಳಕ್ಕೆ ಸರಿ. ಟೊಮೆಟೊ ಮೇಲೆ ಬಿಳಿ ನೊಣ ಹೀರುವ ರಸ ದೊಡ್ಡ ನಷ್ಟವಲ್ಲ, ಅದು ಹೊತ್ತು ತರುವ ಎಲೆ ಮುಟುರು ವೈರಸ್ ನಷ್ಟ. ರೋಗದ ಗಿಡದಲ್ಲಿ ಒಮ್ಮೆ ವೈರಸ್ ಹತ್ತಿಸಿಕೊಂಡ ನೊಣ ಸಾಯುವ ತನಕ ಅದನ್ನು ಹರಡುತ್ತದೆ. ಎಳೆ ಸಸಿಯಲ್ಲಿ ಅರ್ಧ ಗಂಟೆ ಹೀರಿದರೂ ಕೆಲಸ ಮುಗಿದಂತೆ. ಆಮೇಲೆ ಹೊಡೆದ ಔಷಧಿ ನೊಣ ಕೊಲ್ಲುತ್ತದೆ, ಸಸಿಯೊಳಗೆ ಸೇರಿದ ವೈರಸ್ಸನ್ನು ಕೊಲ್ಲುವ ಔಷಧಿ ಇಲ್ಲ. ಸಸಿ ಅವತ್ತೇ ಏನೂ ತೋರಿಸುವುದೂ ಇಲ್ಲ, ಎರಡು ವಾರ ಹಸಿರಾಗಿಯೇ ಇರುತ್ತದೆ. ಹತ್ತೊಂಬತ್ತನೇ ದಿನ ಫೋಟೊ ಬಂತು: ತುದಿ ಎಲೆ ದೋಣಿಯಂತೆ ಮೇಲಕ್ಕೆ ಮಡಚಿ, ಅಂಚು ಹಳದಿಯಾಗಿ, ಗೆಣ್ಣು ಗಿಡ್ಡವಾಗಿತ್ತು. ನಾಟಿಯಾದ ಮೊದಲ ತಿಂಗಳಲ್ಲಿ ಹೀಗಾದ ಗಿಡದಲ್ಲಿ ಹೂ ಉದುರುತ್ತದೆ, ಕಾಯಿ ಕಟ್ಟುವುದು ಅಪರೂಪ. ಅವರು ಎರಡೂ ಎಕರೆ ಕಿತ್ತರು. ಆ ಹೊಲದ ಮುಂದೆ ನಿಂತು ಹೇಳಲು ನನ್ನ ಬಳಿ ಮಾತಿರಲಿಲ್ಲ.

ಬೀಜ ಹಾಕಿದ ದಿನದಿಂದ ಇಪ್ಪತ್ತೊಂದು ದಿನ ಆ ಲಾಟ್ 50 ಮೆಶ್ ಬಲೆಯ ಒಳಗೇ ಇತ್ತು, ಹಳದಿ ಅಂಟು ಕಾರ್ಡಿನಲ್ಲಿ ಒಂದು ನೊಣವೂ ಬಿದ್ದಿರಲಿಲ್ಲ. ಕೆಟ್ಟದ್ದು ಕೊನೆಯ ನಾಲ್ಕು ದಿನ. ಮೆಣಸಿನಕಾಯಿ ಲಾಟ್ ಮೊಳಕೆ ಬರಿಸುವ ಜರ್ಮಿನೇಷನ್ ರೂಮಿನಿಂದ ಹೊರಬರುತ್ತಿತ್ತು, ಬಲೆಮನೆಯಲ್ಲಿ ಬೆಡ್ ಖಾಲಿ ಇರಲಿಲ್ಲ, ಹಾರ್ಡನಿಂಗ್ ಯಾರ್ಡಿಗೆ ಹಾಕಿಸಿದೆವು. ಯಾರ್ಡಿಗೆ ಮೇಲೆ ಇದ್ದದ್ದು ಹಸಿರು ಶೇಡ್ ನೆಟ್, ಪಕ್ಕಗಳು ಬಯಲು. ಬಲೆ ಕೇಳಿ ಇಂಡೆಂಟ್ ಹೋಗಿತ್ತು. ಅದರಲ್ಲಿ ಬರೀ '50 ನೆಟ್' ಎಂದಿದ್ದರಿಂದ ಸ್ಟೋರಿನವರು 50 ಶೇಕಡಾ ನೆರಳಿನ ನೆಟ್ ಕಳಿಸಿದ್ದರು. ಈ ಗೊಂದಲ ನಮ್ಮಲ್ಲಿ ಮಾತ್ರವಲ್ಲ, ರೈತರ ಹತ್ತಿರವೂ ನೋಡುತ್ತಿರುತ್ತೇನೆ. ಶೇಡ್ ನೆಟ್ಟಿನ 50 ಬಿಸಿಲು ತಡೆಯುವ ಪ್ರಮಾಣ, ಅದರ ಕಣ್ಣಿನಲ್ಲಿ ಬಿಳಿ ನೊಣ ಹಾರಿಕೊಂಡೇ ದಾಟುತ್ತದೆ. 50 ಮೆಶ್ ಎಂದರೆ ಒಂದು ಅಂಗುಲದಲ್ಲಿ 50 ಕಣ್ಣು. ಅದು ಬಿಳಿ ನೊಣವನ್ನು ತಡೆಯುತ್ತದೆ, ಥ್ರಿಪ್ಸ್ ಎಂಬ ಇನ್ನೂ ಸಣ್ಣ ಕೀಟವನ್ನು ಪೂರ್ತಿ ತಡೆಯುವುದಿಲ್ಲ. ಮೆಣಸಿನ ನಾರು ಬೆಳೆಸುವವರು ಬಲೆಯ ಜೊತೆಗೆ ನೀಲಿ ಕಾರ್ಡ್ ಕಟ್ಟಿ ದಿನಾ ನೋಡಬೇಕು. ಇಂಡೆಂಟಿನಲ್ಲಿ 'ಕೀಟ ನಿರೋಧಕ ಬಲೆ, 50 ಮೆಶ್, ಯುವಿ ಸ್ಟೆಬಿಲೈಸ್ಡ್' ಎಂದು ಪೂರ್ತಿ ಬರೆಯಿರಿ.

ಇನ್ನೊಂದು ಕಡೆಯಿಂದಲೂ ಏಟು ಬಿತ್ತು. ಬೇಲಿಯಾಚೆ ಹಳೇ ಟೊಮೆಟೊ ತೋಟವಿತ್ತು. ಮಾರ್ಕೆಟ್ಟಿನಲ್ಲಿ ಬಾಕ್ಸಿಗೆ ಕೂಲಿ ಹುಟ್ಟದ ರೇಟು ಬಂದಾಗ ಈ ಕಡೆ ಬೆಳೆಯನ್ನು ಹಾಗೆಯೇ ಬಿಟ್ಟುಬಿಡುತ್ತಾರೆ. ಔಷಧಿ ನಿಂತ ತೋಟದಲ್ಲಿ ಬೇಸಿಗೆಗೆ ಮೂರು ವಾರಕ್ಕೊಂದು ಸಂತತಿ ಬಿಳಿ ನೊಣ ಏಳುತ್ತದೆ. ನಮ್ಮ ಟ್ರೇ ಯಾರ್ಡಿಗೆ ಬಂದ ಮಾರನೇ ದಿನ ಆ ತೋಟ ಕೀಳಲು ಶುರು ಮಾಡಿದ್ದರು. ಕಿತ್ತ ಗಿಡ ಬಾಡುತ್ತಿದ್ದಂತೆ ನೊಣವೆಲ್ಲ ಎದ್ದು ಹತ್ತಿರದ ಎಳೆ ಹಸಿರು ಹುಡುಕುತ್ತದೆ. ನಮ್ಮದೇ ಅತಿ ಹತ್ತಿರದ ಎಳೆ ಹಸಿರು. ಕೀಳುವುದನ್ನು ನಾನು ಕಣ್ಣಾರೆ ನೋಡಿದ್ದೆ, ಹೊಲ ಚೊಕ್ಕಟವಾಗುತ್ತಿದೆ ಎಂದುಕೊಂಡಿದ್ದೆ. ಹಳೇ ಬೆಳೆ ತೆಗೆಯುವುದಿದ್ದರೆ ಮೊದಲು ನೊಣ ಸಾಯುವಂತೆ ಒಂದು ಸಿಂಪರಣೆ, ಮಾರನೇ ದಿನ ಕೀಳುವುದು, ಕಿತ್ತದ್ದನ್ನು ಬದುವಿನ ಮೇಲೆ ಒಣಗಲು ಬಿಡದೆ ಅವತ್ತೇ ಗುಂಡಿಗೆ ಹಾಕಿ ಮಣ್ಣು ಮುಚ್ಚುವುದು. ಬೇಲಿಯ ಕಾಂಗ್ರೆಸ್ ಗಿಡವನ್ನೂ ಕಳೆ ಎಂದು ಅಸಡ್ಡೆ ಮಾಡಬೇಡಿ, ನೊಣ ಅದರಲ್ಲೂ ಉಳಿದುಕೊಳ್ಳುತ್ತದೆ. ಅದನ್ನೂ ನಾರು ಹೊರಬರುವ ವಾರದಲ್ಲಿ ಕೀಳಬಾರದು, ಬೀಜ ಹಾಕುವ ಮೊದಲೇ ಕಿತ್ತಿರಬೇಕು.

ಹಾರ್ಡನಿಂಗ್ ಅಂದರೆ ಬಯಲಿಗೆ ಹಾಕುವುದು ಅನ್ನುವ ರೂಢಿಯನ್ನೇ ಬಿಡಬೇಕು. ಸಸಿ ಗಟ್ಟಿಯಾಗುವುದು ನೀರು ಕಡಿಮೆಯಾಗಿ, ಬಿಸಿಲು ಹೆಚ್ಚಾಗಿ. ಎರಡನ್ನೂ ಬಲೆಯೊಳಗೇ ಮಾಡಬಹುದು. ಮೇಲಿನ ಶೇಡ್ ನೆಟ್ಟನ್ನು ಕೀಟದ ಬಲೆಗೆ ಹೊಲಿಯದೆ, ಸರಿಸುವಂತೆ ಬೇರೆ ತಂತಿಗೆ ಕಟ್ಟಿರಿ. ಕೊನೆಯ ಐದು ದಿನ ಶೇಡ್ ಸರಿಸಿ, ನೀರನ್ನು ಬೆಳಿಗ್ಗೆ ಒಂದೇ ಸಲಕ್ಕೆ ಇಳಿಸಿ, ಮಧ್ಯಾಹ್ನ ಸಸಿ ಸ್ವಲ್ಪ ಜೋಲಿ ಸಂಜೆಗೆ ಎದ್ದರೆ ಸರಿಯಾಗಿದೆ. ಬಲೆಮನೆಯಲ್ಲಿ ಗಾಳಿ ಕಡಿಮೆ, ಸಂಜೆ ನೀರು ಹಾಕಿದರೆ ರಾತ್ರಿಯೆಲ್ಲ ಕೊಕೊಪೀಟ್ (ಗುಳಿಗೆ ತುಂಬುವ ತೆಂಗಿನ ನಾರಿನ ಪುಡಿ) ಒದ್ದೆ ಉಳಿದು ಬುಡ ಕೊಳೆಯುತ್ತದೆ. ಬಲೆಯ ಬುಡ ಒಂದಡಿ ಮಣ್ಣಿನೊಳಗೆ ಹೋಗಿರಬೇಕು. ಬಾಗಿಲು ಎರಡು ಬೇಕು, ಒಂದು ಮುಚ್ಚಿದ ಮೇಲೆ ಇನ್ನೊಂದು ತೆರೆಯುವಂತೆ. ತೂತು ಹುಡುಕಲು ಹೊರಗೆ ಸುತ್ತಬೇಡಿ, ಒಳಗೆ ನಿಂತು ಸೂರ್ಯನ ಕಡೆಯ ಬಲೆಯನ್ನು ನೋಡಿ, ಹರಿದಲ್ಲಿ ಬೆಳಕು ಚುಚ್ಚುತ್ತದೆ. ಒಳಗೆ ಕೆಲಸ ಮಾಡುವವರು ಹಳದಿ ಸೀರೆ, ಹಳದಿ ಶರ್ಟ್ ಹಾಕಬಾರದು. ನೊಣಕ್ಕೆ ಹಳದಿ ಅಂದರೆ ಸೆಳೆತ, ಬಟ್ಟೆಯ ಮೇಲೆ ಕೂತೇ ಒಳಗೆ ಬರುತ್ತದೆ. ಹಳದಿ ಕಾರ್ಡನ್ನು ಸಸಿಯ ತುದಿಗಿಂತ ಒಂದು ಗೇಣು ಮೇಲೆ, ಬಾಗಿಲ ಹತ್ತಿರ ಹೆಚ್ಚು ಕಟ್ಟಿ. ಕಾರ್ಡ್ ನೊಣ ಬಂದದ್ದನ್ನು ತಿಳಿಸುತ್ತದೆ, ನೊಣ ಮುಗಿಸುವುದಿಲ್ಲ.

ಡ್ರೆಂಚಿಂಗ್, ಅಂದರೆ ಸಸಿಯ ಬುಡಕ್ಕೆ ಔಷಧಿ ನೀರು ಹಾಕುವುದು, ಲೋಡಿಂಗಿನ ಬೆಳಿಗ್ಗೆ ಮಾಡುವ ಕೆಲಸವಲ್ಲ. ಔಷಧಿ ಬೇರಿನಿಂದ ಎಲೆಗೆ ಏರಲು ಹೊತ್ತು ಬೇಕು, ಎರಡು ದಿನ ಮೊದಲೇ ಕೊಡಿ. ಇಮಿಡಾಕ್ಲೋಪ್ರಿಡ್ 17.8 ಎಸ್‌ಎಲ್ ಲೀಟರಿಗೆ 0.3 ಮಿಲಿ, 10 ಲೀಟರ್ ಬಕೆಟ್ಟಿಗೆ 3 ಮಿಲಿ. ಮುಚ್ಚಳದಲ್ಲಿ ಅಳೆದರೆ ಮೂರರ ಜಾಗದಲ್ಲಿ ಐದಾರು ಬೀಳುತ್ತದೆ, ಸೂಜಿ ತೆಗೆದ ಸಿರಿಂಜಿನಲ್ಲಿ ಅಳೆಯಿರಿ, ಗ್ಲೌಸ್ ಇರಲಿ. ಕೊಕೊಪೀಟ್ ಒಣಗಿದ್ದರೆ ದ್ರಾವಣ ಗುಳಿಯ ಗೋಡೆಗುಂಟ ಜಾರಿ ಕೆಳಗೆ ಸುರಿದುಹೋಗುತ್ತದೆ, ಬೇರಿಗೆ ಸಿಗುವುದಿಲ್ಲ. ಮೊದಲು ತುಸು ನೀರು ಕೊಟ್ಟು, ಆಮೇಲೆ ಔಷಧಿ ಹಾಕಿ, ಟ್ರೇ ಕೆಳಗೆ ತೊಟ್ಟಿಕ್ಕಲು ಶುರುವಾದ ಕೂಡಲೇ ನಿಲ್ಲಿಸಿ. ಇಷ್ಟಾದರೂ ನೊಣ ರಸ ಹೀರಿದ ಮೇಲೆಯೇ ಸಾಯುತ್ತದೆ, ಹಾಗಾಗಿ ಡ್ರೆಂಚ್ ಬಲೆಗೆ ಬದಲಿ ಅಲ್ಲ. ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಾಮ್, ಅಸಿಟಾಮಿಪ್ರಿಡ್ ಮೂರೂ ಒಂದೇ ಗುಂಪಿನವು. ಅಂಗಡಿಯಲ್ಲಿ ಡಬ್ಬಿ ಬದಲಿಸಿದರೆ ಔಷಧಿ ಬದಲಿಸಿದಂತಾಗುವುದಿಲ್ಲ. ನಾಟಿಯಾದ ಮೇಲಿನ ಸಿಂಪರಣೆಗೆ ಗುಂಪೇ ಬದಲಾಗಲಿ, ಲೇಬಲ್ಲಿನಲ್ಲಿ ಟೊಮೆಟೊ ಹೆಸರಿದೆಯೇ ನೋಡಿಕೊಳ್ಳಿ.

ಹೊಲದಲ್ಲಿ ಮೊದಲ ವಾರ ಬುಡ ಕತ್ತರಿಸಿ ಬಿದ್ದ ಸಸಿ ಕಂಡರೆ ಅದು ಬೇರೆ ಹುಳ: ಸುತ್ತ ಎರಡು ಅಂಗುಲ ಮಣ್ಣು ಕೆದಕಿ, ಸುರುಳಿ ಸುತ್ತಿದ ಹುಳ ಅಲ್ಲೇ ಸಿಗುತ್ತದೆ. ಬಿಳಿ ನೊಣಕ್ಕೆ ಮಲ್ಚಿಂಗ್ ಶೀಟಿನ ಬೆಳ್ಳಿ ಮಗ್ಗುಲು ಮೇಲಿರಬೇಕು, ಆ ಹೊಳಪು ಗಿಡ ಚಿಕ್ಕದಿರುವಾಗ ನೊಣವನ್ನು ದೂರ ಇಡುತ್ತದೆ. ತೂತು ಚಿಕ್ಕದಾದರೆ ಬಿಸಿ ಶೀಟ್ ಕಾಂಡಕ್ಕೆ ತಗುಲಿ ಸುಡುತ್ತದೆ. ಸುತ್ತ ಎರಡು ಮೂರು ಸಾಲು ಮುಸುಕಿನ ಜೋಳವನ್ನು ನಾಟಿಗೆ ಒಂದು ತಿಂಗಳು ಮೊದಲೇ ಹಾಕಿರಬೇಕು, ನಾಟಿಯ ದಿನ ಹಾಕಿದ ಜೋಳ ಅಡ್ಡವಾಗುವುದಿಲ್ಲ.

ಆ ರೈತರಿಗೆ ಎರಡನೇ ಸಲ 150 ಟ್ರೇ ಕೊಟ್ಟೆವು, ಬಲೆಮನೆಯಿಂದ ನೇರವಾಗಿ, ಗಾಡಿಗೂ ಅದೇ ಮೆಶ್ ಬಲೆ ಹೊದಿಸಿ. ಅವರು ಬೆಡ್ಡಿನ ಮೇಲೆ ಬಿದಿರ ದಬ್ಬೆ ಬಗ್ಗಿಸಿ 17 ಜಿಎಸ್‌ಎಂ ಕ್ರಾಪ್ ಕವರ್ (ಗಿಡಕ್ಕೆ ಹೊದಿಸುವ ತೆಳು ಬಟ್ಟೆಯಂಥ ಹೊದಿಕೆ) ಎಳೆದು, ಎರಡೂ ಅಂಚಿಗೆ ಮಣ್ಣು ಒತ್ತಿದರು. ಇಪ್ಪತ್ತೆರಡನೇ ದಿನ, ತುದಿ ಕವರಿಗೆ ತಾಗುವ ಹೊತ್ತಿಗೆ, ಸಂಜೆ ತಂಪಿನಲ್ಲಿ ತೆಗೆದರು. ನಮ್ಮಲ್ಲಿ ಈಗ ಪ್ಯಾಕಿಂಗ್ ಶೆಡ್ಡಿನ ಗೋಡೆಯ ಮೇಲೆ ಸುತ್ತಲಿನ ತೋಟದವರ ಫೋನ್ ನಂಬರ್ ಬರೆದಿದೆ. ಹಳೇ ಬೆಳೆ ಕೀಳುವ ಹಿಂದಿನ ದಿನ ಅವರಿಂದ ಒಂದು ಕರೆ ಬರುತ್ತದೆ. ಆ ಕರೆ ಬಂದ ಮೇಲೆ ಮೂರು ದಿನ ಒಂದು ಟ್ರೇಯೂ ಬಲೆಯಿಂದ ಹೊರಗೆ ಬರುವುದಿಲ್ಲ, ಗಾಡಿ ಬಂದು ನಿಂತಿದ್ದರೂ.