ಬಾಟಲಿ ಕೊಟ್ಟು ಸುಮ್ಮನಿರಬೇಕಿತ್ತು

612.6. ಏರ್ ರೈಫಲ್ ಮ್ಯಾಚಿನ ಈ ಸ್ಕೋರ್ ಇನ್ನೂ ನನ್ನ ತಲೆಯಿಂದ ಹೋಗಿಲ್ಲ. ಹೊಡೆದದ್ದು ನಾನಲ್ಲ, ನನ್ನ ಹತ್ತಿರ ಕಲಿಯುವ ಒಬ್ಬಳು ಪಿಯುಸಿ ಹುಡುಗಿ. ಆದರೆ ಅದರಲ್ಲಿ ಏಳು ಪಾಯಿಂಟಾದರೂ ಹಾಳು ಮಾಡಿದ್ದು ನಾನೇ.

ಮಂಗಳೂರಿನ ಒಂದು ರೇಂಜಿನಲ್ಲಿ ನಾನು ಏರ್ ರೈಫಲ್ ಕೋಚ್. ಹುಡುಗಿ ಕಟಪಾಡಿ ಕಡೆಯವಳು. ವಾರಕ್ಕೆ ನಾಲ್ಕು ದಿನ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಬರುತ್ತಾಳೆ. ರೈಫಲ್ ರೇಂಜಿನಲ್ಲೇ ಇರುತ್ತದೆ, ಜಾಕೆಟ್ ಬ್ಯಾಗ್ ಮಾತ್ರ ಅವಳ ಜೊತೆ. ಅದನ್ನು ಎಲ್ಲಿ ಇಡುವುದು ಅಂತ ಕಂಡಕ್ಟರ್ ಹತ್ತಿರ ದಿನಾ ಒಂದು ಸುತ್ತು ಜಗಳ. ಮನೆಯಲ್ಲಿ ಮಲ್ಲಿಗೆ ಗಿಡ ಉಂಟು. ಬೆಳಿಗ್ಗೆ ಬೇಗ ಎದ್ದು ಮೊಗ್ಗು ಕೊಯ್ದು, ಅಮ್ಮನ ಜೊತೆ ಕೂತು ಕಟ್ಟಿ, ಆಮೇಲೆ ಕಾಲೇಜು, ಅದು ಮುಗಿಸಿ ರೇಂಜು. ಇಷ್ಟರ ಮೇಲೂ ಟ್ರೈನಿಂಗಿನಲ್ಲಿ ಅರವತ್ತು ಶಾಟಿಗೆ 618, 619 ಆರಾಮಾಗಿ ಹೊಡೆಯುತ್ತಾಳೆ.

ಆಟಿ ತಿಂಗಳು, ಜೋರು ಮಳೆ. ನಮ್ಮಲ್ಲೇ ಕ್ಲಬ್‌ಗಳ ನಡುವಿನ ಮ್ಯಾಚ್. 620 ದಾಟಿದವರನ್ನು ಮಾತ್ರ ಮುಂದಿನ ಕ್ಯಾಂಪಿಗೆ ಕಳಿಸುವುದು ಅಂತ ಮ್ಯಾನೇಜ್‌ಮೆಂಟ್ ತೀರ್ಮಾನ. ಯಾಕೆ 620, ಯಾಕೆ 615 ಅಲ್ಲ? ಕೇಳಿದರೆ ಉತ್ತರ ಇಲ್ಲ. ಒಳ್ಳೆಯ ಪೆಲೆಟ್ (ಏರ್ ರೈಫಲ್ ಗುಂಡು) ತರಿಸಿ ಅಂತ ಮೂರು ತಿಂಗಳಿಂದ ಹೇಳುತ್ತಿದ್ದೆ, ಬಜೆಟ್ ಇರಲಿಲ್ಲ. ಆದರೆ ಗ್ಯಾಲರಿಯಲ್ಲಿ ದೊಡ್ಡದೊಂದು ಟಿವಿ ಬಂದಿತ್ತು. ಅದರಲ್ಲಿ ಒಂದೊಂದು ಶಾಟಿಗೂ ರ‍್ಯಾಂಕ್ ಮೇಲೆ ಕೆಳಗೆ ಆಗುತ್ತಿರುತ್ತದೆ. ಪೇರೆಂಟ್ಸ್‌ಗೆ ನೋಡಲು ಖುಷಿಯಂತೆ. ಅವರು ‘ಅಯ್ಯೋ’ ಅನ್ನುವುದು ಫೈರಿಂಗ್ ಲೈನ್‌ವರೆಗೂ ಕೇಳಿಸುತ್ತದೆ, ಅದನ್ನು ಮಾತ್ರ ಯಾರೂ ಯೋಚಿಸಿಲ್ಲ.

ಸೈಟರ್ ಹೊತ್ತಿನಲ್ಲೇ, ಅಂದರೆ ಮ್ಯಾಚಿಗೆ ಮೊದಲಿನ ಅಭ್ಯಾಸದ ಶಾಟ್ ಹೊಡೆಯುವಾಗಲೇ, ಕರೆಂಟ್ ಎರಡು ಸಲ ಹೋಯಿತು. ಜನರೇಟರ್ ಹಾಕಿಸಿ, ಆರ್‌ಒ (ರೇಂಜ್ ಆಫೀಸರ್) ಹತ್ತಿರ ಟೈಮ್ ಕೇಳಿ, ನನ್ನ ತಲೆ ಆಗಲೇ ಬಿಸಿಯಾಗಿತ್ತು. ಅವಳು ಮಾತ್ರ ಖುರ್ಚಿಯಲ್ಲಿ ಕೂತು ಶೂ ಲೇಸ್ ಕಟ್ಟಿಕೊಳ್ಳುತ್ತಿದ್ದಳು, ಏನೂ ಆಗದವಳ ಹಾಗೆ.

ಮ್ಯಾಚ್ ಶುರುವಾಯಿತು. ಹತ್ತು ಶಾಟಿನ ಒಂದೊಂದು ಸೀರೀಸಿಗೆ 104.1, 103.6, 104.4, 103.9. ನಲವತ್ತು ಶಾಟಿಗೆ 416 ಸರಿ. ಹಿಂದೆ ಕೂತು ನಾನು ಮೊಬೈಲ್‌ನಲ್ಲಿ ಲೆಕ್ಕ ಹಾಕುತ್ತಿದ್ದೆ. ಇದು ನನ್ನ ಚಟ. ಉಳಿದ ಇಪ್ಪತ್ತಕ್ಕೆ 10.2 ಆವರೇಜ್ ಬಂದರೆ 620. ಬರುತ್ತದೆ, ಬಂದೇ ಬರುತ್ತದೆ ಅಂತ ಅಂದುಕೊಂಡೆ. ಅಷ್ಟು ಅಂದುಕೊಂಡದ್ದೇ ನನ್ನ ಅಂಗೈ ಬೆವರಲು ಶುರು.

ನಲವತ್ತೊಂದನೇ ಶಾಟ್ 9.4. ಅಂಥ ದೊಡ್ಡ ವಿಷಯ ಏನಲ್ಲ. ಅವಳು ರೈಫಲ್ ಇಳಿಸಿ, ಒಳಗೆ ಪೆಲೆಟ್ ಇಲ್ಲ ಅಂತ ತೋರಿಸುವ ಸೇಫ್ಟಿ ಫ್ಲ್ಯಾಗ್ ಹಾಕಿ, ಆರ್‌ಒಗೆ ಹೇಳಿ ನೀರಿಗೆ ಬಂದಳು. ಸರಿಯಾದ ಕೆಲಸವನ್ನೇ ಮಾಡಿದಳು. 75 ನಿಮಿಷದಲ್ಲಿ ಇನ್ನೂ 38 ನಿಮಿಷ ಉಳಿದಿತ್ತು. ನಾನು ಮಾಡಬೇಕಾದದ್ದು ಇಷ್ಟೇ: ಬಾಟಲಿ ಕೊಡಬೇಕು, ವಾಪಸ್ ತೆಗೆದುಕೊಳ್ಳಬೇಕು.

ನಾನು ಬಾಯಿ ಬಿಟ್ಟೆ.

“ಏನೂ ಟೆನ್ಷನ್ ಬೇಡ ಆಯ್ತಾ. 620 ನಿನ್ನ ಕೈಯಲ್ಲೇ ಉಂಟು. ಇನ್ನು 10.3 ಆವರೇಜ್ ಇಟ್ಟರೆ ಸಾಕು.”

ಅವಳು ನೀರು ಕುಡಿಯುತ್ತಿದ್ದವಳು ಅರ್ಧಕ್ಕೆ ನಿಲ್ಲಿಸಿದಳು. ನನ್ನನ್ನು ನೋಡಿದಳು, ನನ್ನ ತಲೆಯ ಮೇಲಿದ್ದ ಟಿವಿ ನೋಡಿದಳು. “ಹೌದಾ ಸರ್?” ಅಂದಳು. ಅಷ್ಟೇ. ಆ ‘ಹೌದಾ’ದಲ್ಲಿ ಖುಷಿ ಇತ್ತು ಅಂತ ನಾನು ತಿಳಿದುಕೊಂಡೆ ನೋಡಿ, ಅದು ನನ್ನ ಎರಡನೇ ತಪ್ಪು.

ಅವಳು ರೈಫಲ್ ಮೇಲೆ ಕೆನ್ನೆ ಇಟ್ಟ ಮೇಲೆ ಏಳೆಂಟು ಸೆಕೆಂಡಿನಲ್ಲಿ ಶಾಟ್ ಹೋಗುತ್ತದೆ. ಯಾವಾಗಲೂ ಹಾಗೆಯೇ. ಈಗ ಹತ್ತಾಯಿತು, ಹನ್ನೆರಡಾಯಿತು, ಹದಿನೈದಾಯಿತು. ಇಳಿಸು ಮಾರಾಯ್ತಿ, ಇಳಿಸು ಅಂತ ನಾನು ಬಾಯೊಳಗೇ ಹೇಳುತ್ತಿದ್ದೇನೆ. ಬ್ಯಾರೆಲ್‌ನ ತುದಿ ಸಣ್ಣಗೆ ಕುಣಿಯುವುದು ಹಿಂದಿನಿಂದಲೇ ಕಾಣುತ್ತಿತ್ತು. ಹದಿನೆಂಟಕ್ಕೆ ಹೊಡೆದಳು. 8.7. ಗ್ಯಾಲರಿಯಿಂದ ‘ಅಯ್ಯೋ’.

ಮುಂದಿನದಕ್ಕೆ ಎತ್ತಿದಳು, ಇಳಿಸಿದಳು. ಎತ್ತಿದಳು, ಇಳಿಸಿದಳು. ಐದು ಸಲ. ಎಡಗೈಯ ಗ್ಲೌಸ್ ತೆಗೆದು ಪ್ಯಾಂಟಿಗೆ ಬೆವರು ಒರೆಸಿ ಮತ್ತೆ ಹಾಕಿಕೊಂಡಳು. ನಾನು ಎದ್ದು ನಿಂತು ಎರಡೂ ಕೈ ಕೆಳಗೆ ಮಾಡಿ ‘ನಿಧಾನ, ನಿಧಾನ’ ಅಂತ ಸನ್ನೆ ಮಾಡುತ್ತಿದ್ದೆ. ಅವಳು ತಿರುಗಿ ನೋಡಿರಲೇ ಇಲ್ಲ. ಯಾರಿಗೆ ಮಾಡುತ್ತಿದ್ದೆನೋ, ನನಗೇ ಇರಬೇಕು. ಟಾರ್ಗೆಟ್ ನಡುವಿನ ಹತ್ತರ ಚುಕ್ಕಿ ಅಂದರೆ ಅರ್ಧ ಮಿಲಿಮೀಟರ್. ಹತ್ತು ಮೀಟರ್ ದೂರಕ್ಕೆ ಅದು ಕಣ್ಣಿಗೆ ಕಾಣುವುದೂ ಇಲ್ಲ, ಕಪ್ಪು ಉಂಡೆ ಮಾತ್ರ ಕಾಣುತ್ತದೆ. ಅದರ ಮೇಲೆ ನಾನು 620 ಅಂತ ದೊಡ್ಡದಾಗಿ ಬರೆದು ಕಳಿಸಿದ್ದೆ.

ಕೊನೆಗೆ 612.6.

ಮ್ಯಾಚ್ ಮುಗಿದ ಮೇಲೆ ಬೇರೆ ಹುಡುಗನ ಅಪ್ಪ ಒಬ್ಬರು ಬಂದು, “ಕೈ ನಡುಗದ ಹಾಗೆ ಒಂದು ಮಾತ್ರೆ ಉಂಟಲ್ಲ ಸರ್, ಅದನ್ನು ಕೊಟ್ಟರೆ ಆಗುವುದಿಲ್ಲವಾ?” ಅಂತ ಮೆಲ್ಲಗೆ ಕೇಳಿದರು. ಅವರು ಹೇಳಿದ್ದು ಪ್ರೊಪ್ರಾನೊಲಾಲ್. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಉತ್ತರ ಕೊರಿಯಾದ ಪಿಸ್ತೂಲ್ ಶೂಟರ್ ಕಿಮ್ ಜೊಂಗ್ ಸು ಇದೇ ಮಾತ್ರೆಗೆ ಸಿಕ್ಕಿಬಿದ್ದು ಒಂದು ಬೆಳ್ಳಿ, ಒಂದು ಕಂಚು ಎರಡನ್ನೂ ಕಳೆದುಕೊಂಡದ್ದು. ಶೂಟಿಂಗಿನಲ್ಲಿ ಅದು ಮ್ಯಾಚ್ ದಿನ ಮಾತ್ರ ಅಲ್ಲ, ಯಾವತ್ತೂ ನಿಷೇಧ. ಹೇಳಿದೆ. ಅವರು “ಹಾಗಾದರೆ ಬೇಡ ಬೇಡ” ಅಂತ ಹೋದರು. ಇಂಥ ಪ್ರಶ್ನೆ ವರ್ಷಕ್ಕೆ ಒಂದಾದರೂ ಬರುತ್ತದೆ.

ಸಂಜೆ ಅವಳನ್ನು ಸ್ಕೂಟರ್‌ನಲ್ಲಿ ಲಾಲ್‌ಬಾಗ್ ಬಸ್ ಸ್ಟಾಪಿಗೆ ಬಿಟ್ಟೆ. ಮಳೆ ಬಿಟ್ಟಿರಲಿಲ್ಲ. ಸಮಾಧಾನ ಮಾಡೋಣ ಅಂತ ನನ್ನ ಹಳೇ ಮ್ಯಾಟ್ ಎಮನ್ಸ್ ಕತೆ ತೆಗೆದೆ. ಅಮೆರಿಕದವನು. 2004ರ ಅಥೆನ್ಸ್‌ನಲ್ಲಿ ಥ್ರೀ ಪೊಸಿಷನ್ (ಮಲಗಿ, ನಿಂತು, ಮೊಣಕಾಲೂರಿ ರೈಫಲ್ ಹೊಡೆಯುವುದು) ಫೈನಲ್, ಚಿನ್ನ ಹೆಚ್ಚು ಕಡಿಮೆ ಕೈಯಲ್ಲಿ, ಕೊನೇ ಶಾಟನ್ನು ಪಕ್ಕದ ಲೇನಿನ ಟಾರ್ಗೆಟ್‌ಗೆ ಹೊಡೆದು ಎಂಟನೇ ಸ್ಥಾನಕ್ಕೆ ಬಿದ್ದ. ನಾಲ್ಕು ವರ್ಷ ಬಿಟ್ಟು ಬೀಜಿಂಗ್‌ನಲ್ಲಿ ಮತ್ತೆ ಮುಂದೆ ಇದ್ದಾಗ ಕೊನೇ ಶಾಟ್ 4.4. ನಾಲ್ಕನೇ ಸ್ಥಾನ. ಆದರೂ ಬಿಡದೆ 2012ರಲ್ಲಿ ಕಂಚು ತಂದ.

“ಸರ್, ಬೇಜಾರು ಮಾಡಬೇಡಿ,” ಅಂದಳು. “ಆ ಕತೆ ನೀವು ಕ್ಯಾಂಪಿನಲ್ಲಿ ಹೇಳಿದ ಮೇಲೆ ನಾವೆಲ್ಲ ಶಾಟಿಗೊಂದು ಸಲ ಲೇನ್ ನಂಬರ್ ನೋಡುತ್ತೇವೆ. ಸಾಕಾಗಿ ಹೋಗಿದೆ.”

ನನಗೆ ನಗು ಬಂತು. ಆಮೇಲೆ ಅವಳೇ ಹೇಳಿದಳು.

“ನನಗೆ ಲೆಕ್ಕ ಗೊತ್ತಿರಲಿಲ್ಲ ಸರ್. ಮಾನಿಟರ್‌ನಲ್ಲಿ ಟೋಟಲ್ ಕಾಣದ ಹಾಗೆ ನಾನು ಚೀಟಿ ಅಂಟಿಸಿದ್ದೆ. ನೀವು ಹೇಳಿದಿರಿ.”

ನಾನು ಮಾತಾಡಲಿಲ್ಲ.

“ಮನೆಯಲ್ಲಿ ಹೂ ಕಟ್ಟುವಾಗಲೂ ಹಾಗೆಯೇ. ಒಂದು ಚೆಂಡು ಹೂವಿಗೆ 800 ಮೊಗ್ಗು. ಬಾಳೆನಾರು ಹಿಡಿದು ಸುಮ್ನೆ ಕಟ್ಟುತ್ತಾ ಹೋದರೆ ಕೈ ತಾನಾಗಿ ಹೋಗುತ್ತದೆ. ಮಧ್ಯದಲ್ಲಿ ಅಮ್ಮ ‘ಎಷ್ಟಾಯಿತು ಮಗಾ, ಹೂ ಕೊಳ್ಳುವ ಕಟ್ಟೆಯವರು ಬರುವ ಹೊತ್ತಾಯಿತು’ ಅಂದರೆ ಮುಗಿಯಿತು, ಮೊಗ್ಗೆಲ್ಲ ಜಾರಲು ಶುರು.”

ಅಷ್ಟರಲ್ಲಿ “ಉಡುಪಿ ಉಡುಪಿ” ಅಂತ ಕೂಗುತ್ತಾ ಬಸ್ ಬಂತು. ಹತ್ತಿ ಹೋದಳು. ಬ್ಯಾಗ್ ಬಗ್ಗೆ ಕಂಡಕ್ಟರ್ ಏನೋ ಹೇಳುತ್ತಿದ್ದ.

ಹದಿಮೂರು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ಮಕ್ಕಳ ಮನಸ್ಸು ಗಟ್ಟಿ ಮಾಡುವುದು ಹೇಗೆ ಅಂತ ಕ್ಯಾಂಪ್‌ಗಳಲ್ಲಿ ಉದ್ದುದ್ದ ಭಾಷಣ ಬೇರೆ. ಆದರೆ ಆ ದಿನ ಟೆನ್ಷನ್ ಆಗಿದ್ದು ಯಾರಿಗೆ? ನನಗೆ. ಅದನ್ನು ಹೊತ್ತುಕೊಳ್ಳಲು ಆಗದೆ ಅವಳ ಕೈಗೆ ದಾಟಿಸಿ ಹಗುರಾದವನು ನಾನು. ‘ಟೆನ್ಷನ್ ಬೇಡ’ ಅಂತ ಬೇರೆ ಹೇಳಿದೆ. ಟೆನ್ಷನ್ ಅನ್ನುವ ಶಬ್ದ ಅಲ್ಲಿವರೆಗೆ ಅವಳ ತಲೆಯಲ್ಲೇ ಇರಲಿಲ್ಲ.

ಸೋಮವಾರ ಮೀಟಿಂಗ್. ಮಕ್ಕಳಿಗೆ ಮೆಂಟಲ್ ಸ್ಟ್ರೆಂತ್ ಕಡಿಮೆ, ಬೆಂಗಳೂರಿನಿಂದ ಯಾರನ್ನಾದರೂ ಆನ್‌ಲೈನ್ ಕರೆಸಿ ಪಿಪಿಟಿ ಮಾಡಿಸೋಣ ಅಂದರು. ತಪ್ಪು ನನ್ನದು, ಮೊದಲು ಟಿವಿ ಆಫ್ ಮಾಡಿ ಅಂದೆ. ಮೊದಲನೆಯದನ್ನು ಬೇಗ ಒಪ್ಪಿಕೊಂಡರು, ಎರಡನೆಯದಕ್ಕೆ “ನೋಡುವಾ” ಅಂದರು. ಪಿಪಿಟಿ ನಡೆಯಿತು. ಮೊದಲ ಸ್ಲೈಡಿನಲ್ಲಿ ಹುಲಿಯ ಚಿತ್ರ ಇತ್ತು.

ಅದಕ್ಕಿಂತ ಪ್ರಯೋಜನ ಆದದ್ದು ಮಕ್ಕಳೇ ಮಾಡಿದ ಒಂದು ತಮಾಷೆಯಿಂದ. “ಸರ್, ಟಿವಿ ಹಾಕಿ ನೀವೇ ಇಪ್ಪತ್ತು ಶಾಟ್ ಹೊಡೆಯಿರಿ ನೋಡುವಾ” ಅಂದರು. ಜಾಕೆಟ್ ಹಾಕಿ ನಿಂತೆ, ಗುಂಡಿ ಸರಿಯಾಗಿ ಹಾಕಲೂ ಆಗಲಿಲ್ಲ, ಅದು ಬೇರೆ ಕತೆ. ಹಿಂದೆ ಅವರು ಬೇಕಂತಲೇ ಜೋರಾಗಿ ಲೆಕ್ಕ ಹೇಳುತ್ತಿದ್ದರು. ನಾಲ್ಕನೇ ಶಾಟಿಗೆ ನನ್ನ ಎದೆ ಬಡಿತ ಬ್ಯಾರೆಲ್ ತುದಿಯ ಫ್ರಂಟ್ ಸೈಟಿನಲ್ಲಿ ಕಾಣಲು ಶುರುವಾಯಿತು, ಟಾರ್ಗೆಟ್ಟಿನ ಕಪ್ಪು ಉಂಡೆ ಸೈಟಿನ ರಿಂಗಿನೊಳಗೆ ಟಕ್ ಟಕ್ ಅಂತ ಹಾರುತ್ತಿತ್ತು. ಎಂಟು ಚಿಲ್ಲರೆ ಎಷ್ಟು ಬಂತು ಅಂತ ಕೇಳಬೇಡಿ. ಒಂದು ಏಳೂ ಉಂಟು. ಆಮೇಲೆ ತಿಂಗಳಿಗೊಮ್ಮೆ ಇದನ್ನು ಎಲ್ಲರಿಗೂ ಮಾಡಿಸುತ್ತೇನೆ, ಗಲಾಟೆಯ ನಡುವೆ ಹೊಡೆಯುವುದು. ಉಳಿದ ದಿನ ಮಾನಿಟರ್‌ಗೆ ಚೀಟಿ. ಟೋಟಲ್ ಕೊನೆಗೆ ನೋಡುವುದು. ಮ್ಯಾಚ್ ದಿನ ನನ್ನ ಮೊಬೈಲ್ ಪಿಸ್ತೂಲ್ ಕೋಚ್ ಹತ್ತಿರ.

ನವೆಂಬರ್‌ನಲ್ಲಿ ಮತ್ತೊಂದು ಮ್ಯಾಚ್ ಬಂತು. ಮೂರನೇ ಸೀರೀಸ್ ಆದ ಮೇಲೆ ಅವಳು ಫ್ಲ್ಯಾಗ್ ಹಾಕಿ ನೀರಿಗೆ ಬಂದಳು. ಬಾಟಲಿ ಕೊಟ್ಟೆ. ಕುಡಿದಳು. ನಾನು ನೆಲ ನೋಡುತ್ತಾ ಇದ್ದೆ.

“ಎಂತ ಸರ್, ಇವತ್ತು ಎಂತದೂ ಹೇಳುವುದಿಲ್ಲವಾ?”

“ಬಸ್ಸು ಎಷ್ಟು ಗಂಟೆಗೆ?”

ನಗುತ್ತಾ ಹೋಗಿ ರೈಫಲ್ ಎತ್ತಿಕೊಂಡಳು. ಆ ದಿನ 617.9. 620 ಆಗಲಿಲ್ಲ. ಆದರೆ ಕೊನೇ ಇಪ್ಪತ್ತರಲ್ಲಿ ಒಂದೂ ಎಂಟು ಇರಲಿಲ್ಲ. ಗ್ಯಾಲರಿಯಲ್ಲಿ ಯಾರೂ ‘ಅಯ್ಯೋ’ ಅನ್ನಲಿಲ್ಲ, ಯಾಕೆಂದರೆ ಟಿವಿ ಆನ್ ಆಗಿರಲಿಲ್ಲ. ಅದರ ರಿಮೋಟ್ ಎಲ್ಲಿ ಹೋಯಿತು ಅಂತ ಆಫೀಸಿನವರು ಈಗಲೂ ಹುಡುಕುತ್ತಿದ್ದಾರೆ. ನನ್ನ ಬ್ಯಾಗಿನ ಸೈಡ್ ಜಿಪ್‌ನಲ್ಲಿ ಉಂಟು.