ಸ್ನೋ ಡೇ ದಿನ ಮಕ್ಕಳನ್ನು ಹೇಗೆ ಸುಧಾರಿಸ್ತೀರಿ?

ತೀರ್ಥಹಳ್ಳಿಯಿಂದ ಅಮ್ಮ ಫೋನ್ ಮಾಡಿದಾಗೆಲ್ಲ ಇದನ್ನೇ ಕೇಳುತ್ತಾರೆ. ಊರಿಗೆ ಹೋದರೆ ಚಿಕ್ಕಮ್ಮ, ಅತ್ತಿಗೆ, ಪಕ್ಕದ ಮನೆಯವರು, ಎಲ್ಲರದ್ದೂ ಇದೇ ಪ್ರಶ್ನೆ. "ಅಷ್ಟು ಹಿಮ ಬಿದ್ರೆ ಮಕ್ಳನ್ನ ಇಡೀ ದಿನ ಮನೆ ಒಳಗೆ ಹೇಗೆ ಸುಧಾರಿಸ್ತಿ ಮಾರಾಯ್ತಿ?"

ಒಳಗೆ ಇಟ್ಟುಕೊಂಡರೆ ತಾನೇ! ನಾನು ಅವರನ್ನು ಹೊರಗೆ ಕರೆದುಕೊಂಡು ಹೋಗುತ್ತೇನೆ.

ನಾವಿರುವುದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ. ಹಿಮ ಜಾಸ್ತಿ ಬಿದ್ದರೆ ಬೆಳಿಗ್ಗೆಯೇ ಶಾಲೆಯಿಂದ ಮೆಸೇಜ್ ಬರುತ್ತದೆ, ಇವತ್ತು ರಜೆ ಅಂತ. ಅದೇ ಸ್ನೋ ಡೇ. ಮಲೆನಾಡಿನಲ್ಲಿ ಜೋರು ಮಳೆಗೆ ಡಿಸಿ ರಜೆ ಕೊಡುತ್ತಾರಲ್ಲ, ಹಾಗೆ. ಆ ರಜೆಯಲ್ಲಿ ನಾವೇನು ಮನೆಯಲ್ಲಿ ಕೂತಿರುತ್ತಿದ್ದೆವಾ? ಅಂಗಳದ ನೀರಿನಲ್ಲಿ ದೋಣಿ ಬಿಡುತ್ತಿದ್ದೆವು, ಗದ್ದೆ ಬದುವಿನಲ್ಲಿ ಏಡಿ ಹುಡುಕುತ್ತಿದ್ದೆವು.

ಶೀತ ಆಗಲ್ವಾ ಅಂತಾರೆ. ಶೀತ ಬರುವುದು ವೈರಸ್‌ನಿಂದ. ನಾನು ಹೆದರುವುದು ಒದ್ದೆಗೆ ಮತ್ತು ಗಾಳಿಗೆ. ಹತ್ತಿ ಬಟ್ಟೆ ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ. ಹಾಗಾಗಿ ಮೈಗೆ ತಾಗುವುದು ಉಣ್ಣೆಯದ್ದು, ಅದರ ಮೇಲೆ ಸ್ವೆಟರ್, ಹೊರಗೆ ನೀರು ಇಳಿಯದ ಜಾಕೆಟ್ ಮತ್ತು ಪ್ಯಾಂಟ್. ಕೈಗೆ ಗ್ಲೌಸ್‌ಗಿಂತ ನಾಲ್ಕು ಬೆರಳೂ ಒಟ್ಟಿಗೆ ಇರುವ ಮಿಟನ್ ಬೆಚ್ಚಗೆ. ಗಾಳಿಯೂ ಸೇರಿ ಮೈನಸ್ 28 ಡಿಗ್ರಿಯಷ್ಟು ಚಳಿ ಇದ್ದರೆ ತೆರೆದ ಚರ್ಮ ಅರ್ಧ ಗಂಟೆಯಲ್ಲಿ ಹೆಪ್ಪುಗಟ್ಟಬಹುದು. ಅಂಥ ದಿನ ನಾವೂ ಒಳಗೇ.

ಉಳಿದ ದಿನ, ಹಿಮ ಬೀಳುವುದು ನಿಂತ ಮೇಲಿನ ಮೊದಲ ಬೆಳಗನ್ನು ನಾನು ತಪ್ಪಿಸುವುದಿಲ್ಲ. ರಾತ್ರಿ ಯಾರು ಓಡಾಡಿದರು ಅನ್ನುವುದೆಲ್ಲ ಆಗ ಹಿತ್ತಲಿನಲ್ಲಿ ಬರೆದಿರುತ್ತದೆ. ಮೊದಲ ಸಲ ಮೊಲದ ಹೆಜ್ಜೆ ನೋಡಿದಾಗ ಮಗಳು, "ಅಮ್ಮಾ, ಇದು ಹಿಂದೆ ಹಿಂದೆ ಓಡಿದೆ" ಅಂದಳು. ಮೊಲ ನೆಗೆದಾಗ ಉದ್ದನೆಯ ಹಿಂಗಾಲು ಮುಂಗಾಲನ್ನು ದಾಟಿ ಮುಂದೆ ಬೀಳುತ್ತದೆ. ಹೇಳಿದರೆ ಅವಳು ನಂಬಲಿಲ್ಲ. ಕೊನೆಗೆ ತಾನೇ ಕೈ ಊರಿ ಕುಪ್ಪಳಿಸಿ ನೋಡಿದಳು. ಅಳಿಲಿನದೂ ಹೆಚ್ಚುಕಮ್ಮಿ ಹೀಗೇ, ಆದರೆ ಅದರ ಮುಂಗಾಲಿನ ಗುರುತು ಅಕ್ಕಪಕ್ಕ ಇರುತ್ತದೆ. ಮೊಲದ್ದು ಒಂದರ ಹಿಂದೆ ಒಂದು. ಹೆಜ್ಜೆ ಹಿಡಿದು ಹೋದೆವು. ಬೇಲಿ ಪೊದೆಯ ಕಡ್ಡಿಗಳ ತುದಿ ಕತ್ತಿಯಲ್ಲಿ ಕೊಯ್ದ ಹಾಗೆ ಓರೆಯಾಗಿ ತುಂಡಾಗಿದ್ದವು. ಮೊಲದ ಊಟ ಅಲ್ಲೇ ಆಗಿತ್ತು.

ಕೆಲವು ಸಲ ಪುಟಾಣಿ ಹೆಜ್ಜೆಗಳ ಸಾಲೊಂದು ಹಿಮದಲ್ಲಿನ ಒಂದು ತೂತಿನ ಹತ್ತಿರ ಮುಗಿಯುತ್ತದೆ. ಅದು ಇಲಿಯ ಮನೆ. ಮೇಲೆ ಮೈನಸ್ 20 ಇದ್ದರೂ ದಪ್ಪ ಹಿಮದ ಅಡಿ, ನೆಲದ ಹತ್ತಿರ, ಸೊನ್ನೆಯ ಆಸುಪಾಸಿನಲ್ಲೇ ಇರುತ್ತದೆ. ಹಿಮವೇ ಅವಕ್ಕೆ ಕಂಬಳಿ. ಇದು ಗೊತ್ತಾದ ಮೇಲೆ ಮಕ್ಕಳು ಆ ಜಾಗ ತುಳಿಯುವುದಿಲ್ಲ, ಸುತ್ತು ಹಾಕಿ ಹೋಗುತ್ತಾರೆ.

ಹಿಮ ಇನ್ನೂ ಬೀಳುತ್ತಿದ್ದರೆ ಕಪ್ಪು ಬಟ್ಟೆಯ ತುಂಡು ಮತ್ತು ಭೂತಗನ್ನಡಿ ಸಾಕು. ಬಟ್ಟೆಯನ್ನು ಮೊದಲೇ ಹೊರಗಿಟ್ಟು ತಣ್ಣಗೆ ಮಾಡಬೇಕು, ಇಲ್ಲದಿದ್ದರೆ ಹರಳು ಬಿದ್ದ ಕೂಡಲೇ ಕರಗುತ್ತದೆ. ಆರು ಎಸಳಿನ ರಂಗೋಲಿ ನೋಡುವಾಗ ಮಗ ಉಸಿರು ಬಿಗಿ ಹಿಡಿದು ಬಗ್ಗಿರುತ್ತಾನೆ. ವರ್ಮಾಂಟ್ ರಾಜ್ಯದ ಜೆರಿಕೋ ಊರಿನ ವಿಲ್ಸನ್ ಬೆಂಟ್ಲಿ ಅನ್ನುವ ರೈತ 1885ರಲ್ಲಿ ಮೈಕ್ರೋಸ್ಕೋಪಿಗೆ ಕ್ಯಾಮೆರಾ ಜೋಡಿಸಿ ಇಂಥದೊಂದು ಹರಳಿನ ಫೋಟೋ ತೆಗೆದ. ಆಮೇಲೆ 5,000ಕ್ಕೂ ಹೆಚ್ಚು ತೆಗೆದ. ಈ ಕಥೆ ಮಕ್ಕಳಿಗೆ ತುಂಬಾ ಇಷ್ಟ.

ಹಕ್ಕಿಗಳಿಗೆ ಕೊನೆಯ ಐದು ನಿಮಿಷ. ಅಲ್ಲಾಡದೆ ನಿಂತರೆ ಬೇಗ ಚಳಿ ಹತ್ತುತ್ತದಲ್ಲ, ಅದಕ್ಕೆ. ಚಿಕಡೀ ಅಂತ ಕಪ್ಪು ಟೋಪಿಯ ಪುಟ್ಟ ಹಕ್ಕಿಯೊಂದಿದೆ, ಹನ್ನೊಂದು ಹನ್ನೆರಡು ಗ್ರಾಂ ತೂಗಬಹುದು. ಚಳಿಗಾಲವಿಡೀ ಇಲ್ಲೇ ಇರುತ್ತದೆ. ಅಂಗೈಯಲ್ಲಿ ಸೂರ್ಯಕಾಂತಿ ಬೀಜ ಇಟ್ಟುಕೊಂಡು ತಾಳ್ಮೆಯಿಂದ ನಿಂತರೆ ಕೈಗೇ ಬರುತ್ತದೆ. ಹಾಗಂತ ಮೊದಲ ದಿನವೇ ಬರುವುದಿಲ್ಲ. ನಮಗೆ ಬಂದದ್ದು ಒಂಬತ್ತನೇ ದಿನ. ಮಗನ ಮಿಟನ್ ಮೇಲೆ ಕೂತು, ಒಂದು ಬೀಜ ಬಿಟ್ಟು ಇನ್ನೊಂದನ್ನು ಆರಿಸಿ, ಕಚ್ಚಿಕೊಂಡು ಹಾರಿತು. ಅವನು ಸಂಜೆಯೇ ಫೋನ್ ಮಾಡಿ ಅಜ್ಜಿಗೆ ಹೇಳಿದ. ಅಮ್ಮ ಎಲ್ಲ ಕೇಳಿಸಿಕೊಂಡು, "ಟೋಪಿ ಹಾಕ್ಕೊಂಡಿದ್ಯಾ ಮಗಾ, ಕಿವಿ ಮುಚ್ಚಿತ್ತಾ?" ಅಂದರು. ಮುಚ್ಚಿತ್ತು.