ಇಂಟರ್ನೆಟ್ ಇತ್ತು, ವಿಳಾಸ ಸಿಗುತ್ತಿರಲಿಲ್ಲ

ಸಾಗರದ ಹತ್ತಿರದ ಹಳ್ಳಿಯಲ್ಲಿರುವ ನನ್ನ ಚಿಕ್ಕಪ್ಪ ಕಂಪ್ಯೂಟರ್ ಇಟ್ಟುಕೊಂಡಿರುವುದೇ ಅದರ ದೊಡ್ಡ ಪರದೆಗಾಗಿ. ಮೊಬೈಲಿನ ಸಣ್ಣ ಅಕ್ಷರ ಅವರ ಕಣ್ಣಿಗೆ ಆಗುವುದಿಲ್ಲ. ಬೆಳಿಗ್ಗೆ ಅಡಿಕೆ ಧಾರಣೆ, ಆಮೇಲೆ ಪೇಪರ್, ಭಾನುವಾರ ಜರ್ಮನಿಯಲ್ಲಿರುವ ಮಗಳ ಜೊತೆ ವಿಡಿಯೋ ಕಾಲ್, ಎಲ್ಲ ಅದರಲ್ಲೇ. ಹಳೆಯ ತಾಮ್ರದ ಲೈನ್ ತೆಗೆಸಿ ಬೇರೆ ಕಂಪನಿಯ ಫೈಬರ್ ಹಾಕಿಸಿಕೊಂಡ ದಿನದಿಂದ ಆ ಕಂಪ್ಯೂಟರ್‌ನಲ್ಲಿ ಒಂದು ಪುಟವೂ ತೆರೆಯಲಿಲ್ಲ.

"ಫೋನಲ್ಲಿ ಚೆನ್ನಾಗಿ ಬರ್ತದೆ ಮಾರಾಯ್ತಿ, ಇದ್ರಲ್ಲಿ ಮಾತ್ರ ಇಲ್ಲ. ಕೇಬಲ್ ಹಾಕಿದ್ದೇನೆ, ಲೈಟೂ ಉರೀತಾ ಇದೆ" ಅಂದರು. ಕಂಪನಿಯವರು ಲೈನ್ ಸರಿ ಇದೆ ಅಂದರಂತೆ. ಪೇಟೆಯ ಅಂಗಡಿಯ ಹುಡುಗ ವಿಂಡೋಸ್ ಕೆಟ್ಟಿದೆ, ಫಾರ್ಮ್ಯಾಟ್ ಮಾಡಬೇಕು ಅಂದನಂತೆ. ನನಗೆ ಗಾಬರಿಯಾದದ್ದು ಈ ಮಾತಿಗೆ. ಅಜ್ಜನ ಕಾಲದ ಜಮೀನಿನ ಪತ್ರಗಳು, ಮದುವೆ ಮುಂಜಿಯ ಫೋಟೋಗಳನ್ನು ಚಿಕ್ಕಪ್ಪ ಒಂದೊಂದಾಗಿ ಸ್ಕ್ಯಾನ್ ಮಾಡಿ ಡೆಸ್ಕ್‌ಟಾಪ್ ಮೇಲೆ ಇಟ್ಟಿದ್ದಾರೆ. ಬೇರೆಲ್ಲೂ ಕಾಪಿ ಇಲ್ಲ. "ನಾನು ಬರುವ ತನಕ ಯಾರಿಗೂ ಕೊಡಬೇಡಿ" ಅಂತ ಹೇಳಿ, ರಜೆ ಸಿಕ್ಕ ಕೂಡಲೇ ಶಿವಮೊಗ್ಗದಿಂದ ಹೊರಟೆ.

ಹೋದವಳೇ ಮೊದಲು ಆ ಫೋಲ್ಡರ್‌ಗಳನ್ನೆಲ್ಲ ಪೆನ್‌ಡ್ರೈವ್‌ಗೆ ಹಾಕಿಕೊಂಡೆ. ಇಂಟರ್ನೆಟ್ ಇವತ್ತಲ್ಲ ನಾಳೆ ಬರುತ್ತದೆ, ಆ ಫೋಟೋಗಳು ಹೋದರೆ ಬರುವುದಿಲ್ಲ.

ಆಮೇಲೆ ಚಿಕ್ಕಪ್ಪನನ್ನು ಪಕ್ಕದಲ್ಲೇ ಕೂರಿಸಿಕೊಂಡೆ. ಅವರ ಕಂಪ್ಯೂಟರ್, ಅವರಿಗೆ ಅರ್ಥವಾಗದೆ ರಿಪೇರಿ ಮಾಡಿ ಎದ್ದು ಬರುವುದು ನನಗೆ ಇಷ್ಟವಿಲ್ಲ. ಕಪ್ಪು ಪರದೆಯ ಕಮಾಂಡ್ ಪ್ರಾಂಪ್ಟ್ ತೆರೆದು ಐಪಿಕಾನ್ಫಿಗ್ ಅಂತ ಟೈಪ್ ಮಾಡಿದೆವು. ಕಂಪ್ಯೂಟರ್‌ಗೆ 192.168 ಎಂದು ಶುರುವಾಗುವ ನಂಬರ್ ಸಿಕ್ಕಿತ್ತು. ಅಂದರೆ ರೂಟರ್ ಇದನ್ನು ಗುರುತಿಸಿದೆ. ಅಲ್ಲಿ 169.254 ಎಂದು ಇದ್ದಿದ್ದರೆ ಕಥೆಯೇ ಬೇರೆ. ರೂಟರ್‌ನಿಂದ ಉತ್ತರ ಬರದಿದ್ದಾಗ ವಿಂಡೋಸ್ ತಾನೇ ಒಂದು ನಂಬರ್ ಕೊಟ್ಟುಕೊಳ್ಳುತ್ತದೆ, ಅದು ಹಾಗೆ ಶುರುವಾಗುತ್ತದೆ. ಆಗ ಕೇಬಲ್ಲೋ ರೂಟರೋ ನೋಡಬೇಕು.

ಮುಂದೆ ಪಿಂಗ್, ಅಂದರೆ ಒಂದು ನಂಬರಿಗೆ ಸಣ್ಣ ಸಂದೇಶ ಕಳಿಸಿ ಉತ್ತರ ಬರುತ್ತದಾ ಅಂತ ನೋಡುವುದು. ಮೊದಲು ರೂಟರ್‌ಗೆ, 192.168.1.1. ಉತ್ತರ ಬಂತು. ಆಮೇಲೆ ಗೂಗಲ್‌ನ 8.8.8.8ಕ್ಕೆ. ಅದೂ ಪಟಪಟ ಉತ್ತರ ಕೊಟ್ಟಿತು. "ನೋಡಿ ಚಿಕ್ಕಪ್ಪ, ನಮ್ಮ ಮನೆಯಿಂದ ಹೊರಗೆ ಹೋಗಿ ವಾಪಸ್ ಬಂತು. ಇಂಟರ್ನೆಟ್ ಇದೆ" ಅಂದೆ. ಅವರು ಕೆಳಗಿನ ಮೂಲೆಯ ಚಿಹ್ನೆ ತೋರಿಸಿದರು. "ಮತ್ತೆ ಇಲ್ಲಿ ಇಂಟರ್ನೆಟ್ ಇಲ್ಲ ಅಂತದಲ್ಲ?"

ಒಳ್ಳೆಯ ಪ್ರಶ್ನೆ. ಬಹಳ ಜನ ದಾರಿ ತಪ್ಪುವುದು ಅಲ್ಲೇ. ವಿಂಡೋಸ್ 10 ಆ ಮಾತು ಹೇಳುವುದು ಒಂದು ಸಣ್ಣ ಪರೀಕ್ಷೆ ಮಾಡಿ. ಮೈಕ್ರೋಸಾಫ್ಟ್‌ನ ಒಂದು ಸೈಟಿನಿಂದ ಪುಟ್ಟ ಫೈಲ್ ತರಲು ನೋಡುತ್ತದೆ. ಅದು ಸಿಗದಿದ್ದರೆ ಇಂಟರ್ನೆಟ್ ಇಲ್ಲ ಅಂತ ಬರೆದುಬಿಡುತ್ತದೆ. ಆದರೆ ಆ ಸೈಟಿಗೆ ಹೋಗುವುದು ಹೆಸರು ಹಿಡಿದು. ಹೆಸರಿನ ವಿಳಾಸವೇ ಗೊತ್ತಾಗದಿದ್ದರೆ ಲೈನ್ ಎಷ್ಟು ಚೆನ್ನಾಗಿದ್ದರೂ ಪರೀಕ್ಷೆ ಫೇಲ್.

ಹಾಗಾಗಿ ಮುಂದೆ ನಂಬರ್ ಬಿಟ್ಟು ಹೆಸರಿಗೆ ಪಿಂಗ್ ಮಾಡಿದೆವು. ಹೋಸ್ಟ್ ಸಿಗಲಿಲ್ಲ ಅಂತ ಬಂತು. ಅಲ್ಲಿಗೆ ತೊಂದರೆ ಹೆಸರಿನಿಂದ ನಂಬರ್ ಹುಡುಕಿಕೊಡುವ ವ್ಯವಸ್ಥೆಯಲ್ಲಿ, ಅಂದರೆ ಡಿಎನ್‌ಎಸ್‌ನಲ್ಲಿ ಇದೆ ಅಂತ ನನಗೆ ಖಾತ್ರಿಯಾಯಿತು. ಬ್ರೌಸರಿನ ತಪ್ಪಿನ ಪುಟದಲ್ಲೂ ಕೆಳಗೆ ಸಣ್ಣ ಅಕ್ಷರದಲ್ಲಿ ಡಿಎನ್‌ಎಸ್ ಅನ್ನುವುದು ಇದ್ದೇ ಇತ್ತು. ಅದನ್ನು ಯಾರೂ ಓದಿರಲಿಲ್ಲ.

ಕಂಪ್ಯೂಟರ್‌ಗಳು ಮಾತಾಡುವುದು ನಂಬರ್‌ನಲ್ಲಿ, ನಾವು ಟೈಪ್ ಮಾಡುವುದು ಹೆಸರು. ಮೊದಲೆಲ್ಲ ಈ ಹೆಸರು-ನಂಬರ್‌ಗಳ ಪಟ್ಟಿ ಒಂದೇ ಫೈಲಿನಲ್ಲಿ ಇರುತ್ತಿತ್ತು. ಅಮೆರಿಕದ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನವರು ಅದನ್ನು ತಿದ್ದಿ ತಿದ್ದಿ ಇಡುತ್ತಿದ್ದರು, ಉಳಿದವರು ಅಲ್ಲಿಂದ ತರಿಸಿಕೊಳ್ಳುತ್ತಿದ್ದರು. ಕಂಪ್ಯೂಟರ್‌ಗಳು ಜಾಸ್ತಿ ಆದಂತೆ ಅದು ಸಾಕಾಗಲಿಲ್ಲ. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಡಿಎನ್‌ಎಸ್ ವ್ಯವಸ್ಥೆ ರೂಪಿಸಿದರು. ಈಗ ನಾವು ಹೆಸರು ಒತ್ತಿದಾಗಲೆಲ್ಲ ಕಂಪ್ಯೂಟರ್ ಯಾವುದೋ ಒಂದು ಡಿಎನ್‌ಎಸ್ ಸರ್ವರನ್ನು ಕೇಳುತ್ತದೆ. ಯಾವುದನ್ನು ಅನ್ನುವುದೇ ನಮ್ಮ ಪ್ರಶ್ನೆ.

ಐಪಿಕಾನ್ಫಿಗ್ ಜೊತೆ ಆಲ್ ಸೇರಿಸಿ ನೋಡಿದಾಗ ಉತ್ತರ ಸಿಕ್ಕಿತು. ಉಳಿದದ್ದೆಲ್ಲ ಹೊಸ ರೂಟರ್ ಕೊಟ್ಟ ನಂಬರ್. ಡಿಎನ್‌ಎಸ್ ಸಾಲಿನಲ್ಲಿ ಮಾತ್ರ ಬೇರೆಯೇ ಎರಡು ನಂಬರ್ ಇದ್ದವು, ಹಳೆಯ ಕಂಪನಿಯ ಸರ್ವರ್‌ಗಳು. ತಾಮ್ರದ ಲೈನ್ ಹಾಕಿದ ಕಾಲದಲ್ಲಿ ಯಾರೋ ಅವನ್ನು ಕೈಯಿಂದ ಬರೆದು ಹೋಗಿದ್ದರು. ಕೈಯಿಂದ ಬರೆದದ್ದು ಕೇಬಲ್ ಬದಲಾದರೆ ಬದಲಾಗುವುದಿಲ್ಲ. ಚಿಕ್ಕಪ್ಪನ ಫೋನ್ ಮಾತ್ರ ರೂಟರ್ ಹೇಳಿದ ಡಿಎನ್‌ಎಸ್ ಅನ್ನೇ ಬಳಸುತ್ತಿತ್ತು. ಒಂದೇ ಮನೆ, ಒಂದೇ ಲೈನ್, ಆದರೂ ಒಂದರಲ್ಲಿ ಬಂದು ಇನ್ನೊಂದರಲ್ಲಿ ಬರದಿದ್ದುದು ಇದಕ್ಕೇ.

"ಆ ಸರ್ವರ್ ಈಗ್ಲೂ ಇರ್ತದಲ್ಲ, ಹೇಳ್ಲಿಕ್ಕೆ ಏನು ಕಷ್ಟ?" ಅಂದರು ಚಿಕ್ಕಪ್ಪ. ಕಂಪನಿಗಳು ಸಾಮಾನ್ಯವಾಗಿ ತಮ್ಮ ಗ್ರಾಹಕರಿಗೆ ಮಾತ್ರ ಡಿಎನ್‌ಎಸ್ ಉತ್ತರ ಕೊಡುತ್ತವೆ, ಹೊರಗಿನಿಂದ ಕೇಳಿದರೆ ಸುಮ್ಮನಿರುತ್ತವೆ ಅಂದೆ. "ಓ, ನಮ್ಮ ಸೊಸೈಟಿ ಹಾಗೆ. ಸದಸ್ಯ ಅಲ್ಲದವನಿಗೆ ಸಾಲ ಇಲ್ಲ" ಅಂದರು. ಸರಿಯಾಗಿ ಹಿಡಿದಿದ್ದರು.

ಆದರೂ ತಿದ್ದುವ ಮೊದಲು ಒಂದು ಸಲ ಖಚಿತ ಮಾಡಿಕೊಂಡೆ. ಹೆಸರಿನ ನಂಬರ್ ಹುಡುಕುವ ಕಮಾಂಡ್ ಎನ್‌ಎಸ್‌ಲುಕಪ್‌ನಲ್ಲಿ ವಿಕಿಪೀಡಿಯದ ವಿಳಾಸ ಕೇಳಿದರೆ ಕಾದು ಕಾದು ಟೈಮ್ಡ್ ಔಟ್ ಅಂತ ಬಂತು. ಅದೇ ಪ್ರಶ್ನೆಯನ್ನು ಕೊನೆಯಲ್ಲಿ ಗೂಗಲ್‌ನ ಡಿಎನ್‌ಎಸ್ ಸರ್ವರ್ ಆದ 8.8.8.8 ಸೇರಿಸಿ ಕೇಳಿದಾಗ ಕಣ್ಣು ಮಿಟುಕಿಸುವಷ್ಟರಲ್ಲಿ ವಿಳಾಸ ಬಂತು. ವಿಂಡೋಸ್ ಕೆಟ್ಟಿರಲಿಲ್ಲ ಅನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು?

ರಿಪೇರಿ ಸಣ್ಣದು. ನೆಟ್‌ವರ್ಕ್ ಅಡಾಪ್ಟರಿನ ಪ್ರಾಪರ್ಟೀಸ್, ಅದರೊಳಗೆ ಐಪಿ ವರ್ಷನ್ 4, ಅಲ್ಲಿ ಡಿಎನ್‌ಎಸ್ ತಾನಾಗಿ ಪಡೆಯುವ ಆಯ್ಕೆ. ಮೌಸ್ ಚಿಕ್ಕಪ್ಪನ ಕೈಯಲ್ಲೇ ಇತ್ತು. ಓಕೆ ಒತ್ತಿ, ಹಳೆಯ ನೆನಪು ಅಳಿಸಲು ಫ್ಲಶ್‌ಡಿಎನ್‌ಎಸ್ ಕೊಟ್ಟು ಬ್ರೌಸರ್ ತೆರೆದರು. ಧಾರಣೆಯ ಪುಟ ಬಂತು. ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ರೂಟರ್‌ನ ಡಿಎನ್‌ಎಸ್ ನಂಬರನ್ನೂ ನೋಡಿದೆ. ಕಳ್ಳ ಸಾಫ್ಟ್‌ವೇರ್‌ಗಳು ಇದೇ ಜಾಗಕ್ಕೆ ಕೈ ಹಾಕುತ್ತವೆ. ಡಿಎನ್‌ಎಸ್ ಚೇಂಜರ್ ಅನ್ನುವುದು ಲಕ್ಷಾಂತರ ಕಂಪ್ಯೂಟರ್‌ಗಳಲ್ಲಿ ಈ ನಂಬರನ್ನೇ ಬದಲಿಸಿತ್ತು. 2011ರಲ್ಲಿ ಎಫ್‌ಬಿಐ ಆ ಜಾಲವನ್ನು ಹಿಡಿಯಿತು. ಕಳ್ಳರ ಸರ್ವರ್‌ಗಳ ಬದಲಿಗೆ ಇಟ್ಟಿದ್ದ ತಾತ್ಕಾಲಿಕ ಸರ್ವರ್‌ಗಳನ್ನು 2012ರ ಜುಲೈ 9ರಂದು ನಿಲ್ಲಿಸಿದಾಗ, ಸರಿ ಮಾಡಿಕೊಳ್ಳದವರಿಗೆ ಚಿಕ್ಕಪ್ಪನಿಗೆ ಆದದ್ದೇ ಆಯಿತು. ಇಲ್ಲಿ ಅಂಥದ್ದೇನೂ ಇರಲಿಲ್ಲ.

ಹಿಂದಿರುಗುವಾಗ ಸಾಗರದಲ್ಲಿ ಇಳಿದು ಆ ಅಂಗಡಿಗೆ ಹೋಗಿ ಹುಡುಗನಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವನು ಗಮನವಿಟ್ಟು ಕೇಳಿ ಕಮಾಂಡ್‌ಗಳನ್ನು ಬರೆದುಕೊಂಡ. ಹೊಸ ಫೈಬರ್ ಹಾಕಿಸಿದ ಮನೆಯ ಒಂದು ಲ್ಯಾಪ್‌ಟಾಪ್ ಫಾರ್ಮ್ಯಾಟ್‌ಗೆ ಅಂತ ಮೇಜಿನ ಮೇಲೇ ಇತ್ತು. "ಮೇಡಂ, ಇದನ್ನೂ ಒಂದ್ಸಲ ನೋಡೋಣ" ಅಂತ ಕುರ್ಚಿ ಎಳೆದು ಕೊಟ್ಟ.